ಮಸೂದೆ ಓದುವ ಬಗೆ: ಅಂಬ್ಲಿಗೊಳ ಸೀಮೆಗೆ ತಟ್ಟುವ ಅಪರಾಧ ಕಾನೂನಿನ ಬದಲಾವಣೆಗಳು

ಯಾವ ಕೃತ್ಯ ಅಪರಾಧ, ಅದಕ್ಕೆ ಎಷ್ಟು ಶಿಕ್ಷೆ, ಪೊಲೀಸರು ಯಾರನ್ನು ಯಾವಾಗ ಹಿಡಿಯಬಹುದು ಎಂಬುದನ್ನು ಗೊತ್ತುಮಾಡುವ ಕಾನೂನುಗಳು ಎರಡು ಕಡೆ ಹುಟ್ಟುತ್ತವೆ. ಸಂವಿಧಾನದ ಏಳನೇ ಅನುಸೂಚಿ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಕಾರಾಗೃಹಗಳನ್ನು ರಾಜ್ಯಪಟ್ಟಿಗೆ ಸೇರಿಸಿದೆ. ಅಪರಾಧ ಕಾನೂನು ಮತ್ತು ದಂಡ ಪ್ರಕ್ರಿಯೆಯನ್ನು ಕೇಂದ್ರ ಹಾಗೂ ರಾಜ್ಯ ಎರಡೂ ಕೈಹಾಕಬಹುದಾದ ಸಮವರ್ತಿ ಪಟ್ಟಿಯಲ್ಲಿಟ್ಟಿದೆ. ಹೀಗಾಗಿ 1963ರ ಕರ್ನಾಟಕ ಪೊಲೀಸ್ ಅಧಿನಿಯಮವನ್ನು ಬದಲಿಸುವುದು ವಿಧಾನಮಂಡಲ. ಭಾರತೀಯ ನ್ಯಾಯ ಸಂಹಿತೆಯನ್ನು ಮಾಡಿದ್ದು ಸಂಸತ್ತು. ಆದರೆ ಅದಕ್ಕೂ ರಾಜ್ಯ ತನ್ನ ತಿದ್ದುಪಡಿ ತರಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾಗುವ ಅಂಥ ತಿದ್ದುಪಡಿಗೆ 254ನೇ ವಿಧಿಯ ಪ್ರಕಾರ ರಾಷ್ಟ್ರಪತಿಯ ಒಪ್ಪಿಗೆ ಬೇಕು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನಡುವಿನ ಅಂಬ್ಲಿಗೊಳ ಸೀಮೆಯ ಜನಕ್ಕೆ ಈ ವಿಂಗಡಣೆ ದೂರದ ಮಾತಲ್ಲ. ಇಲ್ಲಿನ ಬದುಕು ನಿಂತಿರುವುದು ಜಲಾಶಯದ ನೀರು, ಕಾಡಂಚಿನ ಸಾಗುವಳಿ, ಸಂಘದ ಸಾಲ, ಜಾತ್ರೆ ಮತ್ತು ಹೋರಿ ಹಬ್ಬದ ಮೇಲೆ. ಕಳೆದ ಕೆಲವು ವರ್ಷಗಳಲ್ಲಿ ಇವುಗಳಲ್ಲಿ ಒಂದೊಂದನ್ನೂ ಯಾವುದಾದರೊಂದು ದಂಡ ಕಾನೂನು ಮುಟ್ಟಿದೆ, ಇಲ್ಲವೆ ಮುಟ್ಟಲು ಹೊರಟಿದೆ. ಎಸ್. ಬಂಗಾರಪ್ಪ ಮತ್ತು ಬಿ.ಎಸ್. ಯಡಿಯೂರಪ್ಪ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಈ ಎರಡು ತಾಲ್ಲೂಕುಗಳಲ್ಲಿ ರಾಜಕೀಯದ ಅರಿವಿಗೆ ಕೊರತೆಯಿಲ್ಲ. ಕೊರತೆ ಇರುವುದು ಮಸೂದೆಯ ಪಠ್ಯ ಊರಿಗೆ ತಲುಪುವುದರಲ್ಲಿ. ಜನರಿಗೆ ಕಾನೂನು ಗೊತ್ತಾಗುವುದು ಬಹುಪಾಲು ಠಾಣೆಯಿಂದ ಕರೆ ಬಂದ ಮೇಲೆ. ಅಷ್ಟು ಹೊತ್ತಿಗೆ ಅದನ್ನು ತಿದ್ದಿಸುವ ಕಾಲ ಮೀರಿರುತ್ತದೆ.

ಮೊದಲು ತಿಳಿಯಬೇಕಾದದ್ದು ಕರಡು, ಮಸೂದೆ, ಅಧ್ಯಾದೇಶ ಮತ್ತು ಅಧಿನಿಯಮಗಳ ನಡುವಿನ ಅಂತರ. ಕರಡು ಎಂದರೆ ಇಲಾಖೆಯ ಮೇಜಿನ ಮೇಲಿನ ಕಾಗದ. ಅದರಿಂದ ಯಾರನ್ನೂ ಶಿಕ್ಷಿಸಲಾಗದು. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯ ಕರಡೊಂದು ಹೊರಬಿದ್ದು, ಅದರಲ್ಲಿದ್ದ 7 ವರ್ಷದವರೆಗಿನ ಜೈಲುಶಿಕ್ಷೆಯ ಮಾತು ರಾಜ್ಯದಾದ್ಯಂತ ಚರ್ಚೆಯಾಯಿತು. ಆಗ ಅನೇಕರು ಕಾನೂನೇ ಬಂದುಬಿಟ್ಟಿತೆಂದು ತಿಳಿದರು. ಮಸೂದೆ ಎಂದರೆ ಸಚಿವ ಸಂಪುಟ ಒಪ್ಪಿ ಸದನದಲ್ಲಿ ಮಂಡನೆಯಾದದ್ದು. ಅದು 224 ಸದಸ್ಯರ ವಿಧಾನಸಭೆ ಮತ್ತು 75 ಸದಸ್ಯರ ವಿಧಾನ ಪರಿಷತ್ತನ್ನು ದಾಟಿ ರಾಜ್ಯಪಾಲರ ಬಳಿ ಹೋಗುತ್ತದೆ. ರಾಜ್ಯಪಾಲರು 200ನೇ ವಿಧಿಯಡಿ ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು ಅಥವಾ ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಇದಕ್ಕೆ ನ್ಯಾಯಾಲಯ ಗಡುವು ವಿಧಿಸಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2025ರ ನವೆಂಬರ್ 20ರಂದು ಅಭಿಪ್ರಾಯ ಕೊಟ್ಟಿತು. ಆದ್ದರಿಂದ ಎರಡೂ ಸದನ ಒಪ್ಪಿದ ಮಾತ್ರಕ್ಕೆ ಮಸೂದೆ ಕಾನೂನಾಗಿ ಜಾರಿಯಾಗಿದೆ ಎಂದು ಭಾವಿಸಬಾರದು.

ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೂ ಜಾರಿಯ ದಿನಾಂಕ ಬೇರೆ ಇರಬಹುದು. ನ್ಯಾಯ ಸಂಹಿತೆಯೂ ಸೇರಿದ ಮೂರು ಹೊಸ ಕೇಂದ್ರ ಅಪರಾಧ ಕಾನೂನುಗಳಿಗೆ ರಾಷ್ಟ್ರಪತಿ ಅಂಕಿತ ಹಾಕಿದ್ದು 2023ರ ಡಿಸೆಂಬರ್ 25ರಂದು. ಅವು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಕೃತ್ಯ ನಡೆದ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದರಂತೆಯೇ ಶಿಕ್ಷೆ, ಆಮೇಲೆ ಬಂದ ಹೆಚ್ಚಿನ ಶಿಕ್ಷೆ ಅನ್ವಯಿಸದು ಎಂಬುದು 20ನೇ ವಿಧಿ ಕೊಟ್ಟ ಮೂಲಭೂತ ರಕ್ಷೆ. 2024ರ ಜೂನ್ 30ರ ರಾತ್ರಿ ನಡೆದ ಹೊಡೆದಾಟಕ್ಕೆ ಇಂದಿಗೂ 1860ರ ಭಾರತೀಯ ದಂಡ ಸಂಹಿತೆಯೇ ಅನ್ವಯ.

ಅಧ್ಯಾದೇಶದ ದಾರಿ ಬೇರೆ. ಸದನ ಸೇರದ ಕಾಲದಲ್ಲಿ ರಾಜ್ಯಪಾಲರು 213ನೇ ವಿಧಿಯಡಿ ಹೊರಡಿಸುವ ಇದು ತಕ್ಷಣ ಕಾನೂನಿನ ಬಲ ಪಡೆಯುತ್ತದೆ. ಸದನ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. ಇದಕ್ಕೆ ಹತ್ತಿರದ ಉದಾಹರಣೆ ಕಿರು ಸಾಲ ಮತ್ತು ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ ತಡೆಯುವ 2025ರ ಅಧ್ಯಾದೇಶ. ಆ ವರ್ಷದ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟ ತಾಳಲಾರದೆ ಹಲವು ಕಡೆ ಸಾವುಗಳಾದವು. ಪಕ್ಕದ ಹಾವೇರಿ ಜಿಲ್ಲೆಯ ಮಹಿಳೆಯರು ಬೀದಿಗಿಳಿದರು. ಸರ್ಕಾರ ಕಳಿಸಿದ ಅಧ್ಯಾದೇಶವನ್ನು ರಾಜ್ಯಪಾಲರು ಫೆಬ್ರವರಿಯಲ್ಲಿ ಒಮ್ಮೆ ಹಿಂದಿರುಗಿಸಿದರು. ಗರಿಷ್ಠ 3 ಲಕ್ಷ ರೂಪಾಯಿಯ ಸಾಲಕ್ಕೆ 5 ಲಕ್ಷ ರೂಪಾಯಿ ದಂಡ ಮತ್ತು 10 ವರ್ಷದ ಜೈಲು ಅತಿಯಾಯಿತು ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಸರ್ಕಾರ ವಿವರಣೆ ಕೊಟ್ಟ ಮೇಲೆ ಅದೇ ತಿಂಗಳು ಅಂಕಿತ ಬಿತ್ತು, ಮಾರ್ಚ್ ಅಧಿವೇಶನದಲ್ಲಿ ಅದರ ಜಾಗಕ್ಕೆ ಮಸೂದೆ ಬಂತು.

ಈ ಕಾನೂನಿನಲ್ಲಿ ಸಂಘದ ಹೆಣ್ಣುಮಕ್ಕಳು ನೆನಪಿಡಬೇಕಾದ ಅಂಶಗಳಿವೆ. ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಸಾಲ ಕೊಡುವವರು ಜಿಲ್ಲೆಯ ನೋಂದಣಿ ಪ್ರಾಧಿಕಾರದಲ್ಲಿ, ಎಂದರೆ ಜಿಲ್ಲಾಧಿಕಾರಿಗಳಲ್ಲಿ, ನೋಂದಾಯಿಸಿಕೊಳ್ಳಬೇಕು. ಮನೆ ಮುಂದೆ ಕೂರುವುದು, ಬೈಯುವುದು, ಹಿಂಬಾಲಿಸುವುದು, ಹೊರಗಿನವರನ್ನು ಕರೆತಂದು ಬೆದರಿಸುವುದು ಎಲ್ಲವೂ ಬಲವಂತದ ಕ್ರಮ. ದೂರು ಕೊಟ್ಟರೆ ಪೊಲೀಸರು ಪ್ರಕರಣ ದಾಖಲಿಸಲು ನಿರಾಕರಿಸುವಂತಿಲ್ಲ. ಡಿವೈಎಸ್ಪಿ ದರ್ಜೆಯ ಅಧಿಕಾರಿ ಸ್ವತಃ ಪ್ರಕರಣ ಹೂಡಬಹುದು. ಆದರೆ ಒಂದು ತಪ್ಪು ತಿಳಿವಳಿಕೆ ಊರೂರಲ್ಲಿ ಹರಡಿದೆ: ಇನ್ನು ಯಾವ ಸಾಲವನ್ನೂ ಕಟ್ಟಬೇಕಿಲ್ಲ ಎಂದು. ದುರ್ಬಲ ವರ್ಗದವರ ಸಾಲ ತೀರಿದಂತೆ ಎಂಬ ಮಾತು ನೋಂದಣಿಯಿಲ್ಲದೆ, ಪರವಾನಗಿಯಿಲ್ಲದೆ ಕೊಟ್ಟ ಸಾಲಕ್ಕೆ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳು ಈ ಕಾಯ್ದೆಯ ಹೊರಗಿವೆ. ಅವುಗಳ ಸಾಲ ಸಾಲವಾಗಿಯೇ ಉಳಿಯುತ್ತದೆ. ಇಷ್ಟನ್ನು ತಿಳಿಯದೆ ಕಂತು ನಿಲ್ಲಿಸಿದವರಿಗೆ ಬಡ್ಡಿಯ ಹೊರೆ ಬೆಳೆಯುತ್ತದೆ.

ಮಸೂದೆ ಕೈಗೆ ಬಂದಾಗ ಹೆಚ್ಚಿನವರು ಶಿಕ್ಷೆಯ ಕಲಮನ್ನು ಮೊದಲು ಹುಡುಕುತ್ತಾರೆ. ಮೊದಲು ಓದಬೇಕಾದದ್ದು ವ್ಯಾಖ್ಯೆಗಳ ಕಲಮು, ಏಕೆಂದರೆ ಯಾರು ಒಳಗೆ, ಯಾರು ಹೊರಗೆ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಭೂ ಕಬಳಿಕೆ ನಿಷೇಧ ಅಧಿನಿಯಮದ ಕಥೆ ಇದಕ್ಕೆ ಸಾಕ್ಷಿ. ಬೆಂಗಳೂರಿನ ಸುತ್ತ ಸರ್ಕಾರಿ ಜಮೀನು ನುಂಗಿದ ದೊಡ್ಡವರನ್ನು ಹಿಡಿಯಲೆಂದು 2011ರ ಈ ಶಾಸನ ಬಂತು. ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿ ಕೂತಿತು. ಶಿಕ್ಷೆ ಒಂದರಿಂದ ಮೂರು ವರ್ಷ ಜೈಲು. ಆದರೆ ಸರ್ಕಾರಿ ಜಮೀನು ಎಂಬ ವ್ಯಾಖ್ಯೆ ಇಡೀ ರಾಜ್ಯಕ್ಕೆ ಹರಡಿದ್ದರಿಂದ ಮಲೆನಾಡಿನಲ್ಲಿ ಒಂದೆರಡು ಎಕರೆ ಬಗರ್‌ಹುಕುಂ ಸಾಗುವಳಿ ಮಾಡಿದವರೂ ಬಲೆಗೆ ಬಿದ್ದರು. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಸಕ್ರಮಕ್ಕೆ ಕಾಯುತ್ತಿದ್ದ ರೈತನೇ ಆರೋಪಿಯಾಗಿ ಬೆಂಗಳೂರಿಗೆ ಅಲೆಯಬೇಕಾದ ಸ್ಥಿತಿ ಬಂತು. ಕೊನೆಗೆ ಗ್ರಾಮೀಣ ರೈತರಿಗೆ ಪರಿಹಾರ ಕೊಡಲೆಂದು 2022ರಲ್ಲಿ ಶಾಸನವನ್ನು ತಿದ್ದಬೇಕಾಯಿತು. ಮಸೂದೆಯ ಹಂತದಲ್ಲೇ ವ್ಯಾಖ್ಯೆಯನ್ನು ಬಿಗಿ ಮಾಡಿದ್ದರೆ ಆ ನಡುವಿನ ವರ್ಷಗಳ ಅಲೆದಾಟ ಇರುತ್ತಿರಲಿಲ್ಲ. ಅರಣ್ಯ ಭೂಮಿಯ ಪ್ರಕರಣಗಳು ಇದರಿಂದ ಬೇರೆ. ಅಲ್ಲಿ 1963ರ ಕರ್ನಾಟಕ ಅರಣ್ಯ ಅಧಿನಿಯಮ ಮತ್ತು 2006ರ ಅರಣ್ಯ ಹಕ್ಕು ಕಾಯ್ದೆ ಎರಡನ್ನೂ ನೋಡಬೇಕು. ತಮ್ಮ ಹೊಲ ಕಂದಾಯ ಭೂಮಿಯೋ ಅರಣ್ಯವೋ ಎಂಬುದನ್ನು ಪಹಣಿ ಮತ್ತು ಸರ್ವೆ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳದೆ ಯಾವ ತಿದ್ದುಪಡಿ ತಮಗೆ ಅನ್ವಯಿಸುತ್ತದೆಂದು ಹೇಳಲಾಗದು.

ಹೋರಿ ಹಬ್ಬದವರಿಗೂ ಇದೇ ಮಾತು. ದೀಪಾವಳಿಯ ನಂತರ ಶಿಕಾರಿಪುರ, ಸೊರಬ, ಹಾವೇರಿ ಕಡೆ ಕೊಬ್ಬರಿ ಹಾರ ಕಟ್ಟಿ ಹೋರಿ ಬೆದರಿಸುವ ಹಬ್ಬ ಊರಿನ ಮರ್ಯಾದೆಯ ವಿಷಯ. ಅಷ್ಟೇ ನಿಜ, ಹೋರಿ ತಿವಿದು ಜೀವಗಳೂ ಹೋಗಿವೆ. ಪ್ರಾಣಿಗಳಿಗೆ ಹಿಂಸೆ ತಡೆಯುವ ಕೇಂದ್ರದ 1960ರ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿ ರಾಷ್ಟ್ರಪತಿಯ ಒಪ್ಪಿಗೆ ಪಡೆದು ಕಂಬಳಕ್ಕೂ ಎತ್ತಿನ ಓಟ, ಎತ್ತಿನಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಮಿಳುನಾಡಿನ ಜಲ್ಲಿಕಟ್ಟು ಶಾಸನದ ಜೊತೆಗೆ ಎತ್ತಿಹಿಡಿಯಿತು. ಆದರೆ ಆ ರಕ್ಷಣೆ ನಿಂತಿರುವುದು ವ್ಯಾಖ್ಯೆ ಮತ್ತು ಷರತ್ತುಗಳ ಮೇಲೆ. ಸಂಘಟಕರು ತಮ್ಮ ಸ್ಪರ್ಧೆ ಆ ವ್ಯಾಖ್ಯೆಯೊಳಗೆ ಹೇಗೆ ಬರುತ್ತದೆ, ಜಿಲ್ಲಾಡಳಿತದ ಷರತ್ತುಗಳೇನು ಎಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು. ಸುಪ್ರೀಂ ಕೋರ್ಟ್ ಒಪ್ಪಿದೆ ಎಂಬ ಬಾಯಿಮಾತು ಠಾಣೆಯಲ್ಲಿ ಸಾಲದು.

ಜಾತ್ರೆ ಮತ್ತು ಹೋರಿ ಹಬ್ಬಗಳನ್ನು ನೇರವಾಗಿ ಮುಟ್ಟುವ ಪ್ರಸ್ತಾವ ಜನಸಂದಣಿ ನಿಯಂತ್ರಣ ಮಸೂದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆಗಸ್ಟ್‌ನಲ್ಲಿ ಈ ಮಸೂದೆ ಸದನಕ್ಕೆ ಬಂತು. ಮಂಡನೆಯಾದ ರೂಪದಲ್ಲಿ 7,000ದವರೆಗಿನ ಜನ ಸೇರುವ ಕಾರ್ಯಕ್ರಮಕ್ಕೆ ಠಾಣಾಧಿಕಾರಿ, 50,000ದವರೆಗೆ ಡಿವೈಎಸ್ಪಿ, ಅದಕ್ಕೂ ಮೀರಿದರೆ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರು ಅನುಮತಿ ಕೊಡಬೇಕು. ಆಯೋಜಕರು ಮುಂಚಿತವಾಗಿ ಅರ್ಜಿ ಹಾಕಬೇಕು, 1 ಕೋಟಿ ರೂಪಾಯಿಯ ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಿದರೆ ಜೈಲು. ಜಾತ್ರೆ, ಉತ್ಸವಗಳ ಗತಿಯೇನು ಎಂಬ ಆಕ್ಷೇಪ ಸದನದಲ್ಲೇ ಎದ್ದು, ಮಸೂದೆ ಸದನ ಸಮಿತಿಗೆ ಹೋಯಿತು.

ಕ್ರಿಕೆಟ್ ಮಂಡಳಿಯೊಂದು 1 ಕೋಟಿಯ ಮುಚ್ಚಳಿಕೆ ಬರೆಯಬಲ್ಲದು. ಊರಿನ ದೇವಸ್ಥಾನ ಸಮಿತಿ, ಯುವಕ ಸಂಘ ಬರೆಯಲಾರವು. ಚಂದ್ರಗುತ್ತಿಯ ರೇಣುಕಾಂಬೆ ಜಾತ್ರೆಗೂ ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರಿಗೂ ಬರುವ ಭಕ್ತರಿಗೆ ಟಿಕೆಟ್ಟಿಲ್ಲ, ಎಣಿಕೆಯಿಲ್ಲ, ಆಯೋಜಕ ಎಂದು ಬೊಟ್ಟು ಮಾಡಿ ತೋರಿಸಬಹುದಾದ ಒಬ್ಬ ವ್ಯಕ್ತಿಯೂ ಇರುವುದಿಲ್ಲ. ಹಾಗೆಂದು ಜಾತ್ರೆಗೆ ಕಾನೂನೇ ಬೇಡವೆನ್ನುವುದೂ ತಪ್ಪು. 1986ರಲ್ಲಿ ಇದೇ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಹಲ್ಲೆ ಮಾಡಿತು. ಆ ಮೇಲೆಯೇ ಆ ಪದ್ಧತಿಗೆ ನಿಷೇಧ ಬಿತ್ತು. ಜನಸಂದಣಿಗೆ ನಿಯಮ ಬೇಕು. ಆ ನಿಯಮ ಊರಿನ ಶಕ್ತಿಗೆ ತಕ್ಕದ್ದಾಗಿರಬೇಕು. ಸಾಂಪ್ರದಾಯಿಕ ಜಾತ್ರೆಗಳಿಗೆ ಮುಚ್ಚಳಿಕೆಯ ಬದಲು ಜಿಲ್ಲಾಡಳಿತವೇ ಹೊಣೆ ಹೊರುವ ವ್ಯವಸ್ಥೆ ಇರಲಿ ಎಂದು ದೇವಸ್ಥಾನ ಸಮಿತಿಗಳು ಲಿಖಿತವಾಗಿ ಕೇಳುವುದು ನ್ಯಾಯವಾದ ಬೇಡಿಕೆ.

ವ್ಯಾಖ್ಯೆಯ ನಂತರ ಶಿಕ್ಷೆಯ ಕಲಮು. ಇಲ್ಲಿ ಬರೀ ವರ್ಷಗಳ ಸಂಖ್ಯೆ ನೋಡಿದರೆ ಸಾಲದು. ಅದರ ಹಿಂದೆ ದಂಡ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿ ಕೆಲಸ ಮಾಡುತ್ತಿರುತ್ತದೆ. ಬೇರೆ ಕಾಯ್ದೆಯಲ್ಲಿ ವಿಶೇಷವಾಗಿ ಹೇಳದಿದ್ದರೆ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧ ಅಸಂಜ್ಞೇಯ ಮತ್ತು ಜಾಮೀನು ಸಿಗುವಂಥದ್ದು. ಎಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ, ಜಾಮೀನು ಹಕ್ಕು. ಮೂರರಿಂದ ಏಳು ವರ್ಷದ್ದು ಸಂಜ್ಞೇಯ, ಜಾಮೀನುರಹಿತ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ. ಏಳು ಮೀರಿದರೆ ಸೆಷನ್ಸ್ ನ್ಯಾಯಾಲಯ. ಹಾಗಾಗಿ ಮಸೂದೆಯಲ್ಲಿ ಎರಡು ವರ್ಷ ಇದ್ದದ್ದು ಮೂರಾದರೆ ಬದಲಾಗುವುದು ಒಂದು ಅಂಕಿ ಮಾತ್ರವಲ್ಲ, ಆ ರಾತ್ರಿ ಮನೆಯಲ್ಲಿ ಮಲಗುವುದೋ ಲಾಕಪ್ಪಿನಲ್ಲೋ ಎಂಬುದು.

2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಎರಡೂ ಸದನ ದಾಟಿದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ಇದೇ ಅಳತೆಯಿಂದ ಓದಬೇಕು. ಅದರಲ್ಲಿ ಮೊದಲ ಅಪರಾಧಕ್ಕೆ ಒಂದರಿಂದ ಏಳು ವರ್ಷ ಜೈಲು, 50,000 ರೂಪಾಯಿ ದಂಡ. ಅಪರಾಧ ಸಂಜ್ಞೇಯ, ಜಾಮೀನುರಹಿತ. ಪುನರಾವರ್ತಿತ ಅಪರಾಧಕ್ಕೆ ಮೊದಲು ಬರೆದಿದ್ದ 10 ವರ್ಷವನ್ನು ಚರ್ಚೆಯ ಹೊತ್ತಿಗೆ ಏಳಕ್ಕೆ ಇಳಿಸಲಾಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನೋಡದೆ ಮುಂದೆ ತಳ್ಳುವ ಅಭ್ಯಾಸದವರು ಈ ಮಸೂದೆಯ ವ್ಯಾಖ್ಯೆಗಳನ್ನು ಓದಿಕೊಳ್ಳುವುದು ಒಳ್ಳೆಯದು. ಅದೇ ಅಧಿವೇಶನದ ಮುಂದೆ ಸಾಮಾಜಿಕ ಬಹಿಷ್ಕಾರ ತಡೆಯುವ ಮಸೂದೆಯೂ ಬಂತು. ಮಹಾರಾಷ್ಟ್ರ 2016ರಲ್ಲೇ ಇಂಥ ಶಾಸನ ಮಾಡಿತ್ತು. ಊರ ಪಂಚಾಯಿತಿ ಸೇರಿ ಒಂದು ಕುಟುಂಬಕ್ಕೆ ನೀರು, ಬೆಂಕಿ, ಕೂಲಿ, ಅಂಗಡಿಯ ಸಾಮಾನು ನಿಲ್ಲಿಸುವ ಕ್ರೌರ್ಯಕ್ಕೆ ಹೆಸರಿಟ್ಟು ಶಿಕ್ಷೆ ವಿಧಿಸುವ ಕಾನೂನು ಕರ್ನಾಟಕಕ್ಕೆ ಬಹಳ ಹಿಂದೆಯೇ ಬರಬೇಕಿತ್ತು.

ನೀರಿನ ವಿಷಯದಲ್ಲಿ 1965ರ ಕರ್ನಾಟಕ ನೀರಾವರಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಎರಡು ವರ್ಷದವರೆಗಿನ ಜೈಲು ಮತ್ತು 2 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ಎಳೆದರೆ ಕೊನೆಯಂಚಿನ ಗದ್ದೆ ಒಣಗುತ್ತದೆ ಎಂಬುದು ಜಲಾಶಯದ ನೀರು ನಂಬಿದವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಕೊನೆಯಂಚಿನ ರೈತರು ಈ ತಿದ್ದುಪಡಿಯನ್ನು ಬಳಸಿಕೊಳ್ಳಬೇಕೆಂದರೆ ದೂರನ್ನು ಮೊದಲು ನೀರಾವರಿ ಇಲಾಖೆಯ ಎಂಜಿನಿಯರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ನಾಲೆಯ ಯಾವ ತೂಬು, ಯಾವ ದಿನ ಎಂಬ ವಿವರ ಅದರಲ್ಲಿರಬೇಕು. ಜೈಲಿನ ಭಯವೊಂದರಿಂದಲೇ ಕೊನೆಯ ತೂಬಿಗೆ ನೀರು ಹರಿಯದು. ಸರದಿಯ ಪಟ್ಟಿ ಊರಿನ ಗೋಡೆಯ ಮೇಲೆ ಅಂಟಿಸಿರಬೇಕು, ನೀರು ಬಳಕೆದಾರರ ಸಂಘ ಎಚ್ಚರವಾಗಿರಬೇಕು.

ರಾಜ್ಯದ ಶಾಸನ ಯಾವುದೇ ಇರಲಿ, ಠಾಣೆಯೊಳಗಿನ ನಡೆ ಸುರಕ್ಷಾ ಸಂಹಿತೆಯಂತೆ. 173ನೇ ಕಲಮಿನ ಪ್ರಕಾರ ಸಂಜ್ಞೇಯ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರ ನಡೆದದ್ದಕ್ಕೆ ಶಿಕಾರಿಪುರದಲ್ಲಿ ದೂರು ಕೊಟ್ಟರೆ ಗಡಿಯ ನೆಪ ಹೇಳಿ ಕಳಿಸುವಂತಿಲ್ಲ. ಮೊಬೈಲಿನಿಂದ ಕಳಿಸಿದ ದೂರಿಗೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸುವ ಅವಕಾಶ ಪೊಲೀಸರಿಗಿದೆ. ಹಾಗಾಗಿ ಎಫ್‌ಐಆರ್ ಆ ಕ್ಷಣವೇ ಆಗದಿದ್ದರೆ ಈ ಅನುಮತಿ ಪಡೆದಿದ್ದಾರೆಯೇ ಎಂದು ಕೇಳಬೇಕು. ದಾಖಲಿಸಲು ನಿರಾಕರಿಸಿದರೆ ಶಿವಮೊಗ್ಗದ ಎಸ್‌ಪಿಗೆ ಅಂಚೆಯಲ್ಲಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಶೋಧ ಮತ್ತು ಜಪ್ತಿಯ ಆಡಿಯೊ-ವಿಡಿಯೊ ಚಿತ್ರೀಕರಣ ಆಗಬೇಕೆಂದು 105ನೇ ಕಲಮು ಹೇಳುತ್ತದೆ.

ಆರೋಪಿಯ ಕಡೆಯವರಿಗೂ ರಕ್ಷೆಗಳಿವೆ. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ 60 ದಾಟಿದವರನ್ನೂ ಅಶಕ್ತರನ್ನೂ ಡಿವೈಎಸ್ಪಿ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಹೆಂಗಸರು, 15 ವರ್ಷದೊಳಗಿನವರು, 60 ಮೀರಿದವರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ, ಅವರ ವಾಸದ ಮನೆಯಲ್ಲೇ ವಿಚಾರಿಸಬೇಕು. ಈ ಸಂಹಿತೆಗಳಲ್ಲೂ ರಾಜ್ಯ ಕೆಲವನ್ನು ಬದಲಿಸಬಯಸಿತ್ತು. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಶಿಕ್ಷೆ ವಿಧಿಸುವ ನ್ಯಾಯ ಸಂಹಿತೆಯ 226ನೇ ಕಲಮು ಆಮರಣಾಂತ ಉಪವಾಸಕ್ಕೂ ತಗಲುತ್ತದೆಂದು ಕಾನೂನು ಸಚಿವ ಎಚ್.ಕೆ. ಪಾಟೀಲ 2024ರ ಜುಲೈನಲ್ಲಿ ಆಕ್ಷೇಪಿಸಿ, ರಾಜ್ಯ ತಿದ್ದುಪಡಿ ತರುವುದಾಗಿ ಹೇಳಿದ್ದರು. 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ ಕಂಡ ಈ ಜಿಲ್ಲೆಯಲ್ಲಿ ಈ ಆಕ್ಷೇಪಕ್ಕೆ ತೂಕವಿದೆ.

ವಕೀಲರಿಗೆ ಹಣವಿಲ್ಲವೆಂದು ಯಾರೂ ಸುಮ್ಮನಿರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುತ್ತಾರೆ. ಉಳಿದವರಿಗೆ ಆದಾಯ ಮಿತಿಯಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದರೂ ಸಾಕು. ರಾಷ್ಟ್ರೀಯ ಸಹಾಯವಾಣಿ 15100. ತುರ್ತು ಕರೆಗೆ 112, ಮೊಬೈಲ್ ಹಣ ವಂಚನೆಗೆ 1930. ಪೊಲೀಸರ ದುರ್ನಡತೆಯ ವಿರುದ್ಧ ದೂರಲು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿವೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ಆದೇಶದ ಫಲವಾಗಿ ಅವು ಬಂದವು.

ಮಸೂದೆ ಇನ್ನೂ ಮಸೂದೆಯಾಗಿರುವಾಗ ಮಾತಾಡುವ ದಾರಿಗಳು ಸರಳ. ಮಸೂದೆಯ ಕನ್ನಡ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ, ಜಾರಿಗೆ ಬಂದ ಶಾಸನ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಸಿಗುತ್ತವೆ. ಪ್ರತಿ ಮಸೂದೆಯ ಕೊನೆಗಿರುವ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆಯನ್ನು ಕಲಮುಗಳ ಜೊತೆ ಹೋಲಿಸಬೇಕು. ಉದ್ದೇಶ ಒಂದು ಹೇಳಿ ಕಲಮು ಇನ್ನೊಂದು ಮಾಡುತ್ತಿದ್ದರೆ ಆಕ್ಷೇಪ ಎತ್ತಬೇಕಾದ ಜಾಗ ಅದೇ. ಸದನ ಸಮಿತಿಗೆ ಹೋದ ಮಸೂದೆಯ ಬಗ್ಗೆ ವಿಧಾನಸಭೆಯ ಕಾರ್ಯದರ್ಶಿಗೆ, ಉಳಿದಂತೆ ಸಂಬಂಧಿಸಿದ ಇಲಾಖೆಗೂ ಶಾಸಕರಿಗೂ ಲಿಖಿತ ಸಲಹೆ ಕಳಿಸಬಹುದು. ಯಾವ ಕಲಮು, ಅದರಲ್ಲಿ ಯಾವ ಪದ, ಬದಲಿಗೆ ಯಾವ ಪದ ಎಂದು ಖಚಿತವಾಗಿ ಬರೆದ ಒಂದು ಪುಟದ ಪತ್ರಕ್ಕೆ ಹತ್ತು ಪುಟದ ಮನವಿಗಿಂತ ಬೆಲೆ ಹೆಚ್ಚು. ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿದರೆ ಅದು ಊರಿನ ದನಿಯಾಗುತ್ತದೆ. ದೇವಸ್ಥಾನ ಸಮಿತಿ, ನೀರು ಬಳಕೆದಾರರ ಸಂಘ, ಸ್ತ್ರೀಶಕ್ತಿ ಸಂಘ, ಹೋರಿ ಹಬ್ಬದ ಯುವಕರು ತಮಗೆ ಸಂಬಂಧಿಸಿದ ಒಂದೊಂದು ಮಸೂದೆಯನ್ನಾದರೂ ಕೂತು ಗಟ್ಟಿಯಾಗಿ ಓದಲಿ, ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸಲಿ.